ಅಣ್ಣನ ಫೈಲಿನ ಐದು ಫಿಲ್ಮುಗಳು

ದೀಪಾವಳಿಗೆ ಮುಂಚೆ ಮನೆಯೆಲ್ಲ ಸಾಫ್ ಮಾಡುವುದು ಮುಂಬಯಿಯ ಪದ್ಧತಿ. ಮೂವತ್ತು ವರ್ಷ ಇಲ್ಲಿದ್ದು ನಮಗೂ ಅದು ಅಂಟಿಕೊಂಡಿದೆ. ಈ ಸಲ ಬೊರಿವಲಿ ಪೂರ್ವದಲ್ಲಿರುವ ಅಣ್ಣನ ಮನೆಗೆ ಹೋಗಿ ಮಾಳಾ ಖಾಲಿ ಮಾಡಿಕೊಡುತ್ತಿದ್ದೆ. ಹಳೆಯ ಪಾತ್ರೆ, ಮಕ್ಕಳ ಶಾಲೆಯ ಪುಸ್ತಕ, ಊರಿನಿಂದ ತಂದ ಚಾಪೆ... ಅದರ ನಡುವೆ ಒಂದು ದೊಡ್ಡ ಲಕೋಟೆ. ಒಳಗೆ ಐದು ಕಪ್ಪು ಫಿಲ್ಮುಗಳು. ನಾಲ್ಕು ಸಿ.ಟಿ. ಸ್ಕ್ಯಾನಿನವು, ಒಂದು ಎಂ.ಆರ್.ಐ.ಯದು. 2016ರ ಜುಲೈನಿಂದ 2017ರ ಜನವರಿವರೆಗೆ ಅಣ್ಣನ ಮೆದುಳು ಹೇಗಿತ್ತು ಎಂಬುದರ ಲೆಕ್ಕ ಅದರಲ್ಲಿದೆ.

ಕಿಟಕಿಯ ಬೆಳಕಿಗೆ ಒಂದೊಂದಾಗಿ ಹಿಡಿದು ನೋಡಿದೆ. ಈ ಐದು ಚಿತ್ರಗಳನ್ನು ಓದಲು ಕಲಿಯುವುದಕ್ಕೆ ನನಗೆ ಕೆಲವು ವರ್ಷಗಳೇ ಬೇಕಾದವು. ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನದು. ಮೆದುಳಿಗೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇಷ್ಟೇ: ಮೊದಲ ಫಿಲ್ಮಿನ ರಿಪೋರ್ಟಿನಲ್ಲಿ 'ನಾರ್ಮಲ್' ಎಂದಿತ್ತು. ಆ ಒಂದು ಶಬ್ದ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದಕ್ಕೂ ಹಿಂದಿನ ಒಂದು ಮಾತು ಮೊದಲು ಹೇಳಬೇಕು. 1981ರಲ್ಲಿ ಕುಂದಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನಿಗೆ ಪಾರ್ಶ್ವವಾಯು ಬಡಿಯಿತು. ಆಗ ನಾನು ಶಾಲೆಯ ಹುಡುಗ. ಊರಿನವರು ಎಣ್ಣೆ ತಿಕ್ಕಿದರು, ಯಾರೋ ಪಾರಿವಾಳದ ರಕ್ತ ಹಚ್ಚಬೇಕು ಎಂದರು, ಅದೂ ಆಯಿತು. ಪೇಟೆಯ ಡಾಕ್ಟರು ಬಂದು ರಕ್ತದೊತ್ತಡ ನೋಡಿ, "ಮಿದುಳಿನ ನರ ಒಡೆದಿರಬಹುದು ಅಥವಾ ಕಟ್ಟಿರಬಹುದು, ಹೊರಗಿನಿಂದ ಹೇಳಲು ಬರುವುದಿಲ್ಲ" ಎಂದರು. ಅಪ್ಪ ಎರಡು ವರ್ಷ ಮಂಚದ ಮೇಲಿದ್ದು ಹೋದರು. ಒಡೆದದ್ದೋ ಕಟ್ಟಿದ್ದೋ ಎಂಬುದು ಅವರೊಂದಿಗೇ ಹೋಯಿತು.

ಆ ಡಾಕ್ಟರು ಹೇಳಿದ್ದು ಸುಳ್ಳಲ್ಲ. ಪಾರ್ಶ್ವವಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆ. ರಕ್ತನಾಳದಲ್ಲಿ ಗೆಡ್ಡೆ ಕಟ್ಟಿ ಮುಂದಿನ ಭಾಗಕ್ಕೆ ರಕ್ತ ಹೋಗದಿರುವುದು ಒಂದು. ನಾಳ ಒಡೆದು ಮೆದುಳಿನೊಳಗೆ ರಕ್ತ ಹರಿಯುವುದು ಇನ್ನೊಂದು. ಹೊರಗೆ ಎರಡೂ ಒಂದೇ ತರಹ ಕಾಣುತ್ತವೆ: ಬಾಯಿ ಸೊಟ್ಟ, ಕೈ ಜೋಲು, ಮಾತು ತೊದಲು. ಆದರೆ ಒಂದಕ್ಕೆ ಕೊಡುವ ಔಷಧ ಇನ್ನೊಂದಕ್ಕೆ ವಿಷ. ನೋಡದೆ ಚಿಕಿತ್ಸೆ ಮಾಡುವ ಹಾಗಿಲ್ಲ. ನೋಡೋಣವೆಂದರೆ ಮೆದುಳು ತಲೆಬುರುಡೆಯ ಡಬ್ಬಿಯೊಳಗಿದೆ!

1895ರಲ್ಲಿ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೂ ಈ ಡಬ್ಬಿ ತೆರೆಯಲಿಲ್ಲ. ಎಕ್ಸ್-ರೇಯಲ್ಲಿ ಬುರುಡೆಯ ಎಲುಬು ಕಾಣುತ್ತದೆ, ಒಳಗಿನ ಮೃದು ಮೆದುಳು ಕಾಣುವುದಿಲ್ಲ. ಅಮೆರಿಕದ ವಾಲ್ಟರ್ ಡ್ಯಾಂಡಿ 1918-19ರಲ್ಲಿ ಮೆದುಳಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆದರು. ಬೆನ್ನಿನಿಂದ ನೀರು ತೆಗೆದು ಗಾಳಿ ಹಾಕಿಸಿಕೊಂಡ ರೋಗಿಗಳಿಗೆ ತಲೆ ಸಿಡಿಯುವ ನೋವು, ವಾಂತಿ. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕುತ್ತಿಗೆಯ ರಕ್ತನಾಳಕ್ಕೆ ಬಣ್ಣದ ದ್ರಾವಣ ಚುಚ್ಚಿ ಮೆದುಳಿನ ನಾಳಗಳ ಚಿತ್ರ ತೆಗೆದರು. ನಾಳ ಕಂಡಿತು, ನಾಳ ಸಾಕುತ್ತಿದ್ದ ಮೆದುಳು ಮಾತ್ರ ಕಾಣಲಿಲ್ಲ. ಮುಂದೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಇಷ್ಟೇ.

ಡಬ್ಬಿ ತೆರೆದದ್ದು ಇ.ಎಂ.ಐ. ನಮ್ಮ ಬ್ಯಾಂಕಿನವರಿಗೆ ಇ.ಎಂ.ಐ. ಎಂದರೆ ಸಾಲದ ತಿಂಗಳ ಕಂತು. ಇದು ಅದಲ್ಲ. ಗ್ರಾಮೊಫೋನಿನ ಮುಂದೆ ನಾಯಿ ಕುಳಿತಿರುವ ಎಚ್.ಎಂ.ವಿ. ಗೊತ್ತಲ್ಲ, ನಮ್ಮ ರಾಜ್‌ಕುಮಾರ್ ಹಾಡುಗಳ ತಟ್ಟೆ? ಅದರ ಇಂಗ್ಲೆಂಡಿನ ಮೂಲ ಕಂಪನಿ. ಅಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಇದ್ದರು. ರೈತನ ಮಗ, ಯುದ್ಧಕಾಲದಲ್ಲಿ ವಾಯುಸೇನೆಯಲ್ಲಿದ್ದವರು, ವಿಶ್ವವಿದ್ಯಾಲಯದ ಡಿಗ್ರಿ ಇಲ್ಲ, ಎಂಜಿನಿಯರಿಂಗ್ ಡಿಪ್ಲೊಮಾ ಮಾತ್ರ. ಮುಚ್ಚಿದ ಪೆಟ್ಟಿಗೆಯನ್ನು ಸುತ್ತಲಿಂದ ಬೇರೆ ಬೇರೆ ಕೋನದಲ್ಲಿ ಎಕ್ಸ್-ರೇಯಿಂದ ಅಳೆದು, ಆ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟರೆ ಒಳಗಿರುವುದನ್ನು ಲೆಕ್ಕ ಹಾಕಿ ತೆಗೆಯಬಹುದು ಎಂಬುದು ಅವರ ಯೋಚನೆ. ಮೊದಲ ಪ್ರಯೋಗದಲ್ಲಿ ಒಂದು ಚಿತ್ರಕ್ಕೆ ಬೇಕಾದ ಅಳತೆ ತೆಗೆಯಲು ಒಂಬತ್ತು ದಿನ ಹಿಡಿಯಿತಂತೆ. ಬೀಟಲ್ಸ್ ಹಾಡುಗಳ ದುಡ್ಡಿನಿಂದ ಈ ಯಂತ್ರ ಆಯಿತು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆಯ ದುಡ್ಡೂ ಅದರಲ್ಲಿ ದೊಡ್ಡದಾಗಿಯೇ ಇತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸ್ಕ್ಯಾನ್ ಆಯಿತು. ಮೆದುಳಿನಲ್ಲಿ ಗೆಡ್ಡೆಯ ಅನುಮಾನವಿದ್ದ ಒಬ್ಬ ಹೆಂಗಸು. ಡಾ. ಜೇಮ್ಸ್ ಆ್ಯಂಬ್ರೋಸ್ ಜೊತೆಗಿದ್ದರು. ಉದ್ದ 80, ಅಗಲ 80 ಚುಕ್ಕೆಗಳ ಒರಟು ಚಿತ್ರ. ಇವತ್ತಿನ ಮೊಬೈಲು ಹಿಡಿದವರು ನಗಬಹುದು. ಆದರೆ ಬುರುಡೆ ಕೊಯ್ಯದೆ, ಗಾಳಿ ತುಂಬದೆ, ಬದುಕಿರುವ ಮನುಷ್ಯನ ಮೆದುಳು ಕಂಡದ್ದು ಹಾಗೆ. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಇದೇ ಗಣಿತವನ್ನು ಬೇರೆಯಾಗಿ ಮಾಡಿದ್ದ ಆ್ಯಲನ್ ಕಾರ್ಮಾಕ್ ಇಬ್ಬರಿಗೂ ನೊಬೆಲ್ ಬಂತು. ಅದಾದ ಎರಡು ವರ್ಷಕ್ಕೆ ಅಪ್ಪ ಬಿದ್ದದ್ದು. ನಮ್ಮೂರಿಗೆ ಸ್ಕ್ಯಾನ್ ಎಂಬ ಶಬ್ದವೇ ಬಂದಿರಲಿಲ್ಲ.

ಸಿ.ಟಿ. ಸ್ಕ್ಯಾನಿಗೆ ಒಂದು ಅಳತೆಗೋಲಿದೆ, ಅದಕ್ಕೆ ಹೌನ್ಸ್‌ಫೀಲ್ಡ್ ಹೆಸರೇ ಇಟ್ಟಿದ್ದಾರೆ. ನೀರು ಸೊನ್ನೆ, ಗಾಳಿ ಮೈನಸ್ ಸಾವಿರ, ಗಟ್ಟಿ ಎಲುಬು ಪ್ಲಸ್ ಸಾವಿರದ ಆಚೀಚೆ. ಮೆದುಳು ಇಪ್ಪತ್ತೈದರಿಂದ ನಲವತ್ತರ ನಡುವೆ. ಹೊಸದಾಗಿ ಹರಿದು ಹೆಪ್ಪುಗಟ್ಟಿದ ರಕ್ತ ಅದಕ್ಕಿಂತ ಮೇಲೆ. ಅಂಕಿ ಹೆಚ್ಚಾದಷ್ಟೂ ಬಿಳಿ, ಕಡಿಮೆಯಾದಷ್ಟೂ ಕಪ್ಪು. ಹಾಗಾಗಿ ರಕ್ತಸ್ರಾವವಾದರೆ ಸಿ.ಟಿ.ಯಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ. ಅಪ್ಪನ ಡಾಕ್ಟರಿಗೆ ಹೇಳಲಾಗದಿದ್ದ ಉತ್ತರ ಐದು ನಿಮಿಷದಲ್ಲಿ ಸಿಗುತ್ತದೆ.

ಆದರೆ ನಾಳ ಕಟ್ಟಿದಾಗ? ಅಲ್ಲಿದೆ ಕಥೆ.

2016ರ ಜುಲೈ, ಬುಧವಾರ. ರಾತ್ರಿಯಿಡೀ ಮಳೆ. ಬೆಳಿಗ್ಗೆ 7ಕ್ಕೆ ಅತ್ತಿಗೆಯ ಫೋನು: "ನಿಮ್ಮ ಅಣ್ಣ ಚಾ ಲೋಟ ಕೈಯಿಂದ ಬೀಳಿಸಿದರು, ಮಾತು ಏನೋ ಮಾಡ್ತಿದ್ದಾರೆ." ನಾನು ಪಶ್ಚಿಮದಿಂದ ರಿಕ್ಷಾ ಹಿಡಿದು ಹೋದೆ. ಬಲಗೈ ಎತ್ತಲಾಗುತ್ತಿಲ್ಲ, ಬಾಯಿ ಒಂದು ಕಡೆಗೆ. "ಕೈ ಅಡಿಗೆ ಹಾಕಿ ಮಲಗಿರಬೇಕು" ಎಂದು ನಾನೇ ಸಮಾಧಾನ ಹೇಳಿದೆ. 7.40ಕ್ಕೆ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಡ್ಯೂಟಿ ಡಾಕ್ಟರು ಕೇಳಿದರು, ಯಾವಾಗ ಶುರುವಾಯಿತು? ನಾನೇ ಮುಂದೆ ಬಿದ್ದು ಹೇಳಿದೆ: "ರಾತ್ರಿ ಹತ್ತೂವರೆಗೆ ಮಲಗುವಾಗ ಸರಿ ಇದ್ದ, ಎದ್ದಾಗ ಹೀಗೆ." ಅವರು ಹಾಗೆಯೇ ಬರೆದುಕೊಂಡರು. 8.10ಕ್ಕೆ ಸಿ.ಟಿ. ಆಯಿತು. ರಿಪೋರ್ಟು: ನಾರ್ಮಲ್. ಒಂದು ಮಾತ್ರೆ ಕೊಟ್ಟು, ಅಡ್ಮಿಟ್ ಮಾಡಿಕೊಂಡು, ದೊಡ್ಡ ಡಾಕ್ಟರು ಸಂಜೆ ಬರುತ್ತಾರೆ ಎಂದರು. ನಾರ್ಮಲ್ ಎಂದು ಕೇಳಿ ನಾನು ಊರಿಗೆ, ಅಕ್ಕನಿಗೆ, ಎಲ್ಲರಿಗೂ ಫೋನು ಮಾಡಿ ಹೆದರಬೇಡಿ ಎಂದೆ. ಕ್ಯಾಂಟೀನಿಗೆ ಹೋಗಿ ಇಡ್ಲಿಯನ್ನೂ ತಿಂದೆ.

ಮರುದಿನ ಬೆಳಿಗ್ಗೆ ಬಲಗಾಲೂ ಹೋಗಿತ್ತು, ಮಾತು ಪೂರ್ತಿ ನಿಂತಿತ್ತು. ಎರಡನೆಯ ಸಿ.ಟಿ. ತೆಗೆದರು. ಮೆದುಳಿನ ಎಡಭಾಗದಲ್ಲಿ ಅಂಗೈಯಷ್ಟು ಕಪ್ಪು. ನನಗೆ ತಲೆ ಕೆಟ್ಟಿತು. ನಿನ್ನೆಯದು ಬೇರೆ ಯಾರದೋ ರಿಪೋರ್ಟು ಕೊಟ್ಟಿದ್ದಾರೆ, ಮೋಸ ಎಂದು ಎರಡೂ ಫಿಲ್ಮು ಹಿಡಿದು ಜಗಳಕ್ಕೇ ಹೋದೆ. ಅಲ್ಲಿಗೆ ಬರುತ್ತಿದ್ದ ಹಿರಿಯ ನರರೋಗ ತಜ್ಞರು ಸಿಟ್ಟಾಗಲಿಲ್ಲ. ಎರಡನ್ನೂ ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. "ಎರಡೂ ನಿಮ್ಮ ಅಣ್ಣನದೇ. ನೀವು ಬ್ಯಾಂಕಿನವರಲ್ಲವೇ? ಬ್ಯಾಲೆನ್ಸ್ ಶೀಟ್ ಯಾವ ತಾರೀಕಿನದು ಎಂದು ನೋಡದೆ ಓದುತ್ತೀರಾ?" ಎಂದರು.

ಆಮೇಲೆ ಅವರು ಹೇಳಿದ್ದು, ಮುಂದೆ ನಾನು ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತೇನೆ.

ರಕ್ತ ನಿಂತ ಕೂಡಲೇ ಮೆದುಳಿನ ಜೀವಕೋಶದ ಪಂಪು ನಿಲ್ಲುತ್ತದೆ. ಹೊರಗಿದ್ದ ಉಪ್ಪು, ನೀರು ಕೋಶದೊಳಗೆ ನುಗ್ಗುತ್ತದೆ, ಕೋಶ ಉಬ್ಬುತ್ತದೆ. ಇದು ನಿಮಿಷಗಳಲ್ಲಿ ಆಗುವ ಕೆಲಸ. ಆದರೆ ನೀರು ಇದ್ದ ಜಾಗದಿಂದ ಪಕ್ಕಕ್ಕೆ ಸರಿದಿದೆ ಅಷ್ಟೆ, ಒಟ್ಟು ನೀರು ಹೆಚ್ಚಾಗಿಲ್ಲ. ಸಿ.ಟಿ.ಗೆ ಇದು ಕಾಣುವುದಿಲ್ಲ. ಗಂಟೆಗಳು ಕಳೆದ ಹಾಗೆ ಸುತ್ತಲಿಂದ ಹೊಸ ನೀರು ಬಂದು ಸೇರುತ್ತದೆ. ನೂರಕ್ಕೆ ಒಂದರಷ್ಟು ನೀರು ಹೆಚ್ಚಾದರೆ ಸಿ.ಟಿ.ಯ ಅಂಕಿ ಎರಡೂವರೆಯಷ್ಟು ಇಳಿಯುತ್ತದೆ. ಒಂದು ದಿನ ಕಳೆಯುವಾಗ ಯಾರು ನೋಡಿದರೂ ಗೊತ್ತಾಗುವಷ್ಟು ಕಪ್ಪಾಗುತ್ತದೆ. ಮೊದಲ ಗಂಟೆಗಳ ಸಿ.ಟಿ. 'ನಾರ್ಮಲ್' ಎಂದರೆ ಪಾರ್ಶ್ವವಾಯು ಆಗಿಲ್ಲ ಎಂದಲ್ಲ. ರಕ್ತಸ್ರಾವ ಆಗಿಲ್ಲ ಎಂದರ್ಥ.

ಹಾಗಾದರೆ ಮೊದಲ ಫಿಲ್ಮಿನಲ್ಲಿ ಏನೂ ಇರಲಿಲ್ಲವೇ? ತಜ್ಞರು ಪೆನ್ನಿನ ತುದಿಯಿಂದ ತೋರಿಸಿದರು. ಎಡಗಡೆಯ ಒಂದು ರಕ್ತನಾಳ ಬಲಗಡೆಯದಕ್ಕಿಂತ ತುಸು ಬೆಳ್ಳಗೆ, ನೂಲಿನಂತೆ. ಅದೇ ಕಟ್ಟಿದ ಗೆಡ್ಡೆ. ಕಿವಿಯ ಮೇಲ್ಗಡೆ, ಒಳಗೆ ಮಡಿಸಿಕೊಂಡಿರುವ ಮೆದುಳಿನ ಪಟ್ಟಿಯಲ್ಲಿ ಬೂದು-ಬಿಳಿ ನಡುವಿನ ಗೆರೆ ಒರೆಸಿದ ಹಾಗೆ ಮಾಸಲು. ಇಂಥ ಸಣ್ಣ ಗುರುತುಗಳನ್ನು ಜಗತ್ತಿನ ವೈದ್ಯರು ಎಂಬತ್ತರ ದಶಕದಲ್ಲಿ, 1990ರಲ್ಲಿ ಒಂದೊಂದಾಗಿ ಗುರುತಿಸಿ ಬರೆದಿಟ್ಟರು. 2000ದಲ್ಲಿ ಕೆನಡಾದ ಆಲ್ಬರ್ಟಾದವರು ಅದಕ್ಕೆ ಹತ್ತು ಅಂಕದ ಪರೀಕ್ಷೆಯನ್ನೇ ಮಾಡಿದರು: ಕೆಟ್ಟ ಭಾಗಕ್ಕೊಂದರಂತೆ ಅಂಕ ಕಳೆಯುತ್ತಾ ಹೋಗುವುದು. ಗೊತ್ತಿದ್ದವರಿಗೆ ಮಾತ್ರ ಕಾಣುವ ಗುರುತು ಅದು. ಬೆಳಗಿನ ಎಂಟು ಗಂಟೆಯ ಅವಸರದಲ್ಲಿ ತಪ್ಪಿಹೋಗಬಹುದು.

ಎಂ.ಆರ್.ಐ. ಆಗಿದ್ದರೆ ತಪ್ಪುತ್ತಿರಲಿಲ್ಲ. ಅದು ಎಕ್ಸ್-ರೇ ಅಲ್ಲ, ಆಯಸ್ಕಾಂತದ ಯಂತ್ರ. 1973ರಲ್ಲಿ ಪಾಲ್ ಲಾಟರ್‌ಬರ್ ಮೊದಲ ಚಿತ್ರ ಪ್ರಕಟಿಸಿದರು. ಅವರಿಗೂ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು. ಭಾರತದ ಮೊದಲ ಎಂ.ಆರ್.ಐ. ದಿಲ್ಲಿಯ ರಕ್ಷಣಾ ಸಂಶೋಧನಾ ಸಂಸ್ಥೆ ಇನ್ಮಾಸ್‌ಗೆ 1986ರಲ್ಲಿ ಬಂತು. ಸುಮಾರು ಅದೇ ಹೊತ್ತಿಗೆ ಫ್ರಾನ್ಸಿನ ಡೆನಿ ಲ ಬಿಹಾಂ ಮೆದುಳಿನೊಳಗೆ ನೀರಿನ ಕಣ ಎಷ್ಟು ಸಲೀಸಾಗಿ ಓಡಾಡುತ್ತದೆ ಎಂಬುದನ್ನೇ ಚಿತ್ರವಾಗಿಸುವ ದಾರಿ ಕಂಡುಕೊಂಡರು. 1990ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಮೋಸ್ಲಿ ಮತ್ತು ಜೊತೆಗಾರರು ಬೆಕ್ಕುಗಳ ಮೆದುಳಿನ ನಾಳ ಕಟ್ಟಿ ನೋಡಿದರೆ, ಮುಕ್ಕಾಲು ಗಂಟೆಯಲ್ಲೇ ಆ ಜಾಗ ಹೊಳೆಯುತ್ತಿತ್ತು! ಉಬ್ಬಿದ ಕೋಶದೊಳಗೆ ಸಿಕ್ಕಿಕೊಂಡ ನೀರಿಗೆ ಓಡಾಡಲು ಜಾಗವಿಲ್ಲ, ಅದೇ ಹೊಳಪು. ಸಂಜೆ ಆರರ ಚರ್ಚ್‌ಗೇಟ್-ಬೊರಿವಲಿ ಫಾಸ್ಟ್ ಲೋಕಲ್ ಏರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ಫಿಲ್ಮು ನಾಲ್ಕನೆಯ ದಿನದ್ದು. ನೋಡಲು ಇವತ್ತಿಗೂ ಹೆದರಿಕೆಯಾಗುತ್ತದೆ. ಸತ್ತ ಭಾಗದ ಬಾವು ಮೂರರಿಂದ ಐದನೆಯ ದಿನದ ಹೊತ್ತಿಗೆ ಅತಿ ಹೆಚ್ಚು. ಬುರುಡೆಯೊಳಗೆ ಹಿಗ್ಗಲು ಜಾಗವಿಲ್ಲದೆ ಎಡ ಮೆದುಳು ಬಲಗಡೆಗೆ ತಳ್ಳುತ್ತಿತ್ತು, ನಡುಗೆರೆಯೇ ಓರೆಯಾಗಿತ್ತು. ಅಣ್ಣ ಕಣ್ಣು ತೆರೆಯುತ್ತಿರಲಿಲ್ಲ. ಬಾವು ಇಳಿಸುವ ಔಷಧದಲ್ಲಿ ಹೇಗೋ ದಾಟಿದ.

ನಾಲ್ಕನೆಯದು ಹದಿನೆಂಟನೆಯ ದಿನದ್ದು. ಕಪ್ಪೆಲ್ಲ ಮಾಯ! ಸುಮಾರು ಸರಿಯಾದ ಮೆದುಳಿನ ಹಾಗೆಯೇ ಕಾಣುತ್ತಿತ್ತು. ಅತ್ತಿಗೆ ವಜೀರಾ ನಾಕಾದ ಗಣಪತಿಗೆ ಹೋಗಿ ತೆಂಗಿನಕಾಯಿ ಒಡೆದು ಬಂದರು. ತಜ್ಞರು ಮಾತ್ರ ನಗಲಿಲ್ಲ. ಇದಕ್ಕೆ ಮಂಜು ಕವಿಯುವುದು ಎಂದೇ ಹೆಸರು, 1979ರಲ್ಲಿ ಜರ್ಮನಿಯ ವೈದ್ಯರು ಮೊದಲು ಬರೆದದ್ದು. ಎರಡನೆಯ, ಮೂರನೆಯ ವಾರದಲ್ಲಿ ಬಾವು ಇಳಿಯುತ್ತದೆ. ಕಸ ತೆಗೆಯುವ ಕೋಶಗಳು, ಹೊಸ ಸಣ್ಣ ರಕ್ತನಾಳಗಳು ಆ ಜಾಗ ತುಂಬುತ್ತವೆ. ಅಂಕಿ ಮೇಲಕ್ಕೆ ಬಂದು ಆರೋಗ್ಯದ ಮೆದುಳಿಗೆ ಸಮನಾಗುತ್ತದೆ. ಗಾಯ ಮಾಯಲಿಲ್ಲ, ಮಂಜಿನಲ್ಲಿ ಅಡಗಿದೆ ಅಷ್ಟೆ. ಎಂ.ಆರ್.ಐ.ಯಲ್ಲೂ ಇಂಥದೇ ಒಂದು ಮೋಸವಿದೆ. ನೀರಿನ ಓಡಾಟದ ಅಳತೆ ಮೊದಲು ಕುಸಿದು, ಒಂದು ವಾರ ಹತ್ತು ದಿನದ ಹೊತ್ತಿಗೆ ಸಹಜ ಮಟ್ಟ ಮುಟ್ಟಿ, ಆಮೇಲೆ ಅದನ್ನೂ ದಾಟಿ ಏರುತ್ತದೆ. ದಾಟುವ ಹೊತ್ತಿಗೆ ಸರಿಯಾಗಿ ನೋಡಿದವರಿಗೆ ಎಲ್ಲವೂ ಸರಿಯಿದೆ ಎಂದೇ ತೋರುತ್ತದೆ.

ಐದನೆಯದು ಆರು ತಿಂಗಳ ನಂತರದ ಎಂ.ಆರ್.ಐ. ಮಂಜು ಸರಿದಿತ್ತು. ಎಡಗಡೆ ನೀರು ತುಂಬಿದ ಒಂದು ಕುಳಿ. ಅದರ ಸುತ್ತ ಕಲೆಗಟ್ಟಿದ ಅಂಚು. ಖಾಲಿಯಾದ ಜಾಗಕ್ಕೆ ಪಕ್ಕದ ಕುಹರ ಹಿಗ್ಗಿ ಬಂದಿತ್ತು. ಇನ್ನು ಮುಂದೆ ಎಷ್ಟು ಸಲ ತೆಗೆದರೂ ಇದೇ ಚಿತ್ರ.

ವಿಚಿತ್ರ ನೋಡಿ. ಮೊದಲ ದಿನ ಸ್ಕ್ಯಾನ್ ಶುಭ್ರವಾಗಿದ್ದಾಗ ಅಣ್ಣನಿಗೆ ಲೋಟ ಹಿಡಿಯಲಾಗುತ್ತಿರಲಿಲ್ಲ. ಆರು ತಿಂಗಳಿಗೆ ಮೆದುಳಿನಲ್ಲಿ ಶಾಶ್ವತ ಕುಳಿ ಬಿದ್ದಾಗ ಅವನು ಕೋಲು ಹಿಡಿದು ನ್ಯಾಷನಲ್ ಪಾರ್ಕಿನ ಗೇಟಿನವರೆಗೆ ನಡೆದು ಬರುತ್ತಿದ್ದ. ಸತ್ತ ಭಾಗ ಮರಳುವುದಿಲ್ಲ, ಆದರೆ ಉಳಿದ ಭಾಗ ಅದರ ಕೆಲಸವನ್ನು ಸ್ವಲ್ಪ ಸ್ವಲ್ಪ ಕಲಿಯುತ್ತದೆ. ದಿನಾ ಬರುತ್ತಿದ್ದ ಫಿಸಿಯೊಥೆರಪಿಯ ಹುಡುಗಿ ಕೈಕಾಲು ಎಳೆದು ಅಣ್ಣನಿಂದ ಬೈಸಿಕೊಂಡದ್ದು ಯಾವ ಫಿಲ್ಮಿನಲ್ಲೂ ಇಲ್ಲ.

ಮಾತಿನದೂ ಹಾಗೆಯೇ. ಅಣ್ಣ ಹದಿನೈದನೆಯ ವಯಸ್ಸಿಗೆ ಊರು ಬಿಟ್ಟವನು, ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಹಿಂದಿ, ಮರಾಠಿ, ಗುಜರಾತಿ ಮಾತಾಡಿದವನು. ಸ್ಪೀಚ್ ಥೆರಪಿಯವರು ಚಿತ್ರ ತೋರಿಸಿ ಹಿಂದಿಯಲ್ಲಿ ಕೇಳಿದರೆ ಸುಮ್ಮನೆ ನೋಡುತ್ತಿದ್ದ. ಒಂದು ದಿನ ಅತ್ತಿಗೆ ಅದೇ ಚಿತ್ರ ಹಿಡಿದು ನಮ್ಮ ಕುಂದಾಪ್ರ ಕನ್ನಡದಲ್ಲಿ "ಇದ್ ಎಂತ?" ಎಂದರು. "ಮೀನ್" ಎಂದ! ಹಲವು ಭಾಷೆ ಬಲ್ಲವರಿಗೆ ಮಾತು ಹೋದಾಗ ಯಾವುದು ಮೊದಲು ಮರಳುತ್ತದೆ ಎಂದು ಫ್ರಾನ್ಸಿನ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದಲ್ಲೇ ಚರ್ಚೆ ಮಾಡಿದ್ದರು. ಬಾಲ್ಯದ್ದು ಎಂದು ಒಬ್ಬರು, ಹೆಚ್ಚು ಬಳಸಿದ್ದು ಎಂದು ಇನ್ನೊಬ್ಬರು. ಎಲ್ಲರಿಗೂ ಒಂದೇ ತರಹ ಆಗುವುದಿಲ್ಲವಂತೆ. ನಮ್ಮ ಮನೆಯಲ್ಲಿ ಮಾತ್ರ ಊರಿನದು ಮೊದಲು ಬಂತು, ಮರಾಠಿ ಎರಡು ತಿಂಗಳ ಮೇಲೆ.

ಈಗ ಆ 'ನಾರ್ಮಲ್' ಶಬ್ದಕ್ಕೆ ಬರುತ್ತೇನೆ.

1995ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ, ಕಟ್ಟಿದ ಗೆಡ್ಡೆಯನ್ನು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಅಂಗವಿಕಲತೆ ಕಡಿಮೆಯಾಗುತ್ತದೆ ಎಂದು ತೋರಿಸಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ಹೋಯಿತು. ಕೊಡುವ ಮೊದಲು ರಕ್ತಸ್ರಾವವಿಲ್ಲ ಎಂಬುದಕ್ಕೆ ಸಿ.ಟಿ. ಬೇಕು. ಅಂದರೆ ಆ ಬೆಳಿಗ್ಗೆಯ 'ನಾರ್ಮಲ್' ನಿಶ್ಚಿಂತೆಯಿಂದ ಕೂರುವ ಸುದ್ದಿಯಲ್ಲ, ಓಡಬೇಕಾದ ಸುದ್ದಿ. ಅದನ್ನು ನಮಗೆ ಯಾರೂ ಹೇಳಲಿಲ್ಲ. ರಾತ್ರಿ ಹತ್ತೂವರೆಯಿಂದ ಲೆಕ್ಕ ಹಾಕಿದರೆ ಗಡುವು ಮುಗಿದೇ ಹೋಗಿತ್ತು, ಆದ್ದರಿಂದ ಯಾರೂ ಆ ಮಾತೇ ಎತ್ತಲಿಲ್ಲ.

ಹತ್ತು ದಿನದ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅತ್ತಿಗೆ ತಮ್ಮಷ್ಟಕ್ಕೆ ಹೇಳಿದರು: "ನಾಲ್ಕು ಗಂಟೆಗೆ ಎದ್ದು ಬಚ್ಚಲಿಗೆ ಹೋಗಿ, ನೀರು ಕುಡಿದು, ಮಳೆ ಜೋರುಂಟು ಅಂತ ಹೇಳಿ ಮಲಗಿದ್ದರಲ್ಲ..."

ನಾಲ್ಕು ಗಂಟೆಗೆ ಸರಿ ಇದ್ದ! ಹಾಗಿದ್ದರೆ ಗಡುವು ಎಂಟೂವರೆವರೆಗೆ ಇತ್ತು. ಸ್ಕ್ಯಾನ್ ಆದದ್ದು 8.10ಕ್ಕೆ. ನಡುವೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಅಲ್ಲಿ ಔಷಧ ಸಿಗುತ್ತಿತ್ತೇ, ಸಿಕ್ಕಿದ್ದರೂ ಫಲ ಕೊಡುತ್ತಿತ್ತೇ, ಯಾರೂ ಗ್ಯಾರಂಟಿ ಕೊಡಲಾರರು. ಆದರೆ ಪಕ್ಕದಲ್ಲಿ ಮಲಗಿದ್ದವರನ್ನು ಯಾರೂ ಕೇಳಲಿಲ್ಲ. ಡಾಕ್ಟರು ಕೇಳಲಿಲ್ಲ ಎಂದು ಬಹಳ ದಿನ ಬೈದೆ. ನಾನೂ ಕೇಳಲಿಲ್ಲ. ಅತ್ತಿಗೆ ಅಲ್ಲೇ ನಿಂತಿದ್ದರು, ಅವರನ್ನು ಹಿಂದೆ ಮಾಡಿ ಉತ್ತರ ಕೊಟ್ಟವನು ನಾನು.

2018ರಲ್ಲಿ ಲೆಕ್ಕ ಮತ್ತೆ ಬದಲಾಯಿತು. ನಿದ್ದೆಯಿಂದ ಏಳುವಾಗಲೇ ಪಾರ್ಶ್ವವಾಯು ಇದ್ದವರನ್ನು ಯುರೋಪಿನವರು ಎಂ.ಆರ್.ಐ.ಯಲ್ಲಿ ನೋಡಿದರು. ನೀರಿನ ಓಡಾಟದ ಚಿತ್ರದಲ್ಲಿ ಗುರುತು ನಿಮಿಷಗಳಲ್ಲೇ ಬರುತ್ತದೆ, ಫ್ಲೇರ್ ಎಂಬ ಇನ್ನೊಂದು ಚಿತ್ರದಲ್ಲಿ ಬರಲು ಕೆಲವು ಗಂಟೆ ಬೇಕು. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ಹೊಸದು, ಔಷಧ ಕೊಡಬಹುದು. ಗಡಿಯಾರದ ಬದಲು ಮೆದುಳನ್ನೇ ಗಂಟೆ ಎಷ್ಟೆಂದು ಕೇಳಿದ ಹಾಗೆ. ದೊಡ್ಡ ನಾಳದ ಗೆಡ್ಡೆಯನ್ನು ತೊಡೆಯ ಕಡೆಯಿಂದ ತಂತಿ ಹಾಕಿ ಎಳೆದು ತೆಗೆಯುವ ಚಿಕಿತ್ಸೆ 2015ರಲ್ಲೇ ಸಾಬೀತಾಗಿತ್ತು. ಸ್ಕ್ಯಾನಿನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡರೆ ಅದನ್ನು 24 ಗಂಟೆಯವರೆಗೂ ಮಾಡಬಹುದು ಎಂದೂ 2018ರಲ್ಲಿ ಗೊತ್ತಾಯಿತು. ಅಣ್ಣನಿಗೆ ಎರಡು ವರ್ಷ ಮುಂಚೆ ಬಂತು.

ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. 2005-06ರಲ್ಲಿ ಡಾ. ಪಿ.ಎಂ. ದಲಾಲ್ ಮತ್ತು ಸಂಗಡಿಗರು ಮುಂಬಯಿಯ ಸುಮಾರು ಒಂದೂವರೆ ಲಕ್ಷ ಜನರ ನಡುವೆ ಎರಡು ವರ್ಷ ಲೆಕ್ಕ ಇಟ್ಟರು. ಮೊದಲ ಸಲ ಪಾರ್ಶ್ವವಾಯು ಆದವರು 456. ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಸ್ಕ್ಯಾನ್ ಆಗಿತ್ತು. ನೂರಕ್ಕೆ 80ರಷ್ಟು ನಾಳ ಕಟ್ಟಿದ್ದು, 18ರಷ್ಟು ರಕ್ತಸ್ರಾವ. ಹತ್ತರಲ್ಲಿ ಮೂವರು 28 ದಿನದೊಳಗೆ ತೀರಿಕೊಂಡಿದ್ದರು.

ಆದ್ದರಿಂದ ಊರಿನಿಂದ ದೂರ ಬಂದು ನೆಲೆಸಿದ ನನ್ನಂಥವರಿಗೆ ಎರಡೇ ಮಾತು. ಬಾಯಿ ಸೊಟ್ಟ, ಕೈ ಜೋಲು, ಮಾತು ತೊದಲು, ಇದರಲ್ಲಿ ಒಂದು ಕಂಡರೂ ಸ್ಟ್ರೋಕ್ ನೋಡುವ ಆಸ್ಪತ್ರೆಗೇ ಹೋಗಿ. 108 ಕರ್ನಾಟಕದಲ್ಲೂ ಇದೆ, ಮಹಾರಾಷ್ಟ್ರದಲ್ಲೂ ಇದೆ. ಎರಡನೆಯದು, ಕೊನೆಯ ಸಲ ಸರಿಯಾಗಿದ್ದದ್ದನ್ನು ಯಾರು ನೋಡಿದರು, ಎಷ್ಟು ಗಂಟೆಗೆ ಎಂದು ಮನೆಯವರನ್ನೆಲ್ಲ ಕೇಳಿ, ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಸ್ಕ್ಯಾನ್ ನಾರ್ಮಲ್ ಎಂದರೆ "ಹಾಗಾದರೆ ಮುಂದೇನು?" ಎಂದು ಕೇಳಿ. ಇಡ್ಲಿ ಆಮೇಲೆ ತಿನ್ನಬಹುದು.

ಫಿಲ್ಮುಗಳನ್ನು ಎಸೆಯೋಣವೇ ಎಂದು ಅಣ್ಣನನ್ನು ಕೇಳಿದೆ. ಐದನೆಯದನ್ನು ಎಡಗೈಯಲ್ಲಿ ಹಿಡಿದು ಬೆಳಕಿಗೆ ನೋಡಿದ. "ಇರ್ಲಿ" ಎಂದ. ಲಕೋಟೆ ಮತ್ತೆ ಮಾಳಾಕ್ಕೆ ಹೋಯಿತು.

ಅತ್ತಿಗೆ ಈಗಲೂ ಬೆಳಗಿನ ಜಾವ ನಾಲ್ಕಕ್ಕೆ ಅಣ್ಣ ನೀರಿಗೆ ಎದ್ದರೆ ದೀಪ ಹಾಕಿ ಏನಾದರೊಂದು ಕೇಳುತ್ತಾರೆ. ನಾಳೆ ಯಾವ ವಾರ, ಮೀನು ತರುವುದೋ ಬೇಡವೋ, ಹೀಗೆ. ಅಣ್ಣನಿಗೆ ರೇಗುತ್ತದೆ, "ಮಲ್ಕೋ ಮಾರಾಯ್ತಿ" ಎನ್ನುತ್ತಾನೆ. ಅಷ್ಟು ಕೇಳಿದ ಮೇಲೆ ಅವರು ಗಡಿಯಾರ ನೋಡಿ ದೀಪ ಆರಿಸುತ್ತಾರೆ.